ಕಂಡಿಕೆ ಸುತ್ತುವವಳ ಕಾದಂಬರಿ: ಕೆಲಸ ಎಲ್ಲಿಗೆ ಬಂತು

ಜೂನ್

ನನ್ನ ಕಾದಂಬರಿಯ ಎರಡನೇ ಕರಡು ಅರ್ಧ ದಾಟಿದೆ. ಈ ತಿಂಗಳ ದೊಡ್ಡ ತೀರ್ಮಾನ ಅಂದರೆ ಕಥೆ ಹೇಳುವವರು ಬದಲಾಗಿದ್ದಾರೆ. ಮೊದಲ ಕರಡಿನಲ್ಲಿ ಮಗ್ಗದಲ್ಲಿ ಕೂತ ನೇಕಾರ ಹೇಳುತ್ತಿದ್ದ. ಈಗ ಪಕ್ಕದಲ್ಲಿ ರಾಟಿ ಮುಂದೆ ಕೂತು ಕಂಡಿಕೆ (ಅಡ್ಡ ಎಳೆಯ ನೂಲು ಸುತ್ತಿದ ಸಣ್ಣ ಕೊಳವೆ) ಸುತ್ತುವ ಅವನ ಹೆಂಡತಿ ಹೇಳುತ್ತಾಳೆ.

ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮದು ಬಾಗಲಕೋಟೆ ಜಿಲ್ಲೆಯ ಇಳಕಲ್. ಅಪ್ಪ ಕುಣಿ ಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗದಲ್ಲಿ, ಸೀರೆ ನೇಯುತ್ತಿದ್ದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ಕೆಂಪು ರೇಷ್ಮೆಯದು. ಬಿಳಿ ಗೋಪುರದಂಥ ಚಿತ್ತಾರ ಬರುವ ಆ ಸೆರಗಿಗೆ ತೋಪು ತೆನಿ ಅನ್ನುತ್ತಾರೆ. ಎರಡೂ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಒಂದಕ್ಕೊಂದು ಕೂಡಿಸಬೇಕು. ಹಾಗಾಗಿ ಒಂದು ಸಲಕ್ಕೆ ಒಂದೇ ಸೀರೆಯ ಹಾಸು. ಆ ಸೀರೆ ಮಗ್ಗದಿಂದ ಇಳಿದರೆ ಮತ್ತೆ ಮೊದಲಿಂದ ಕೂಡಿಸಬೇಕು.

ನಮ್ಮ ಮನೆಯಲ್ಲಿ ಆ ಕೂಡಿಸುವ ಕೆಲಸ ಅವ್ವನದು. ನೂಲು ಬಿಡಿಸೋದು, ಕಂಡಿಕೆ ಸುತ್ತೋದು, ಹಾಸಿನ ಎಳೆಗಳಿಗೆ ಗಂಜಿ ಹಾಕೋದು, ಕಡಿದ ಎಳೆ ಕೂಡಿಸೋದು, ಎಲ್ಲ ಅವಳದೇ. ನಡುವೆ ರೊಟ್ಟಿ ಬಡಿಯಬೇಕು, ನಮ್ಮನ್ನು ಶಾಲೆಗೆ ಕಳಿಸಬೇಕು. ಮಜೂರಿ ಮಾತ್ರ ಸೀರೆಗೆ ಇಷ್ಟು ಅಂತ ಅಪ್ಪನ ಕೈಗೆ ಬರುತ್ತಿತ್ತು. ಅಪ್ಪ ಒಳ್ಳೆಯವರು. ಆ ದುಡ್ಡು ಪೂರ್ತಿ ಮನೆಗೇ ಬರುತ್ತಿತ್ತು. ಆದರೂ ಲೆಕ್ಕದ ವಹಿಯಲ್ಲಿ ಅವ್ವನ ಕೆಲಸಕ್ಕೆ ಒಂದು ಸಾಲೂ ಇರಲಿಲ್ಲ. ನನ್ನ ಕಾದಂಬರಿ ಆ ಸಾಲಿಗಾಗಿ.

ಜುಲೈ

ಜಾಸ್ತಿ ಬರೆಯಲು ಆಗಲಿಲ್ಲ. ಮಗಳು ಎರಡನೇ ಕ್ಲಾಸು. ಮಳೆ ಹಿಡಿದಾಗಿನಿಂದ ಜ್ವರ, ಕೆಮ್ಮು, ಮನೆಯಲ್ಲೇ ಇದ್ದಾಳೆ. ಬೇರೆಯವರ ಪುಸ್ತಕಗಳಿಗೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಆ ಕೆಲಸ ನಿಲ್ಲಿಸುವಂತಿಲ್ಲ. ಮನೆಯವರದು ಶಿಫ್ಟ್ ಡ್ಯೂಟಿ. ಅವರು ಮನೆಯಲ್ಲಿದ್ದ ದಿನ ಅಡುಗೆಯ ಜೊತೆ ಮಗಳನ್ನೂ ನೋಡಿಕೊಳ್ಳುತ್ತಾರೆ, ನಾನು ಬಾಗಿಲು ಹಾಕಿಕೊಂಡು ಬರೆಯುತ್ತೇನೆ. ಇಲ್ಲದ ದಿನ ಬಾಗಿಲು ತೆರೆದೇ ಇರುತ್ತದೆ.

ಬಾಗಿಲು ತೆರೆದಿದ್ದಾಗ ಬರೆದ ಪುಟಗಳನ್ನು ಮೊನ್ನೆ ತಿರುಗಿ ಓದಿದೆ. ಅವುಗಳಲ್ಲಿ ಪ್ಯಾರಾಗಳು ಚಿಕ್ಕವು. ಮಾತು ನಡುವೆ ಕಡಿಯುತ್ತದೆ, ಮತ್ತೆ ಬಂದು ಹಿಡಿಯುತ್ತದೆ. ಕಂಡಿಕೆ ಸುತ್ತುವ ಹೆಂಗಸು ಮಾತಾಡುವುದೇ ಹೀಗೆ ಅಲ್ವಾ? ಕೈ ಕೆಲಸದಲ್ಲಿ, ಕಿವಿ ತೊಟ್ಟಿಲ ಕಡೆ. ಆ ಪುಟಗಳನ್ನು ಹಾಗೇ ಇಟ್ಟುಕೊಂಡಿದ್ದೇನೆ. ಬಾಗಿಲು ಹಾಕಿ ಬರೆದ ಉದ್ದುದ್ದ ವರ್ಣನೆಗಳನ್ನೇ ಕಡಿಮೆ ಮಾಡುತ್ತಿದ್ದೇನೆ.

ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಶುರು ಮಾಡಿದ್ದು ನಲವತ್ತೈದರ ಸುಮಾರಿಗೆ. ಅದನ್ನು ನೆನೆಸಿಕೊಂಡರೆ ನನಗೆ ಧೈರ್ಯ ಬರುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದು 18ರಿಂದ 35 ವರ್ಷದ ಒಳಗಿನವರಿಗೆ. ನನ್ನ ವಯಸ್ಸು ಅದನ್ನು ದಾಟಿದೆ. ಇಪ್ಪತ್ತರಿಂದ ಮೂವತ್ತೈದರ ನಡುವೆ ಎಷ್ಟು ಹೆಂಗಸರ ಕೈಯಲ್ಲಿ ಕೂಸು ಇರುತ್ತದೆ ಅಂತ ನಿಯಮ ಬರೆಯುವವರು ಒಮ್ಮೆ ಯೋಚಿಸಬೇಕು. ತಾಯಂದಿರಿಗೆ ಅಲ್ಲಿ ಒಂದೈದು ವರ್ಷ ಸಡಿಲಿಕೆ ಕೊಟ್ಟರೆ ಎಷ್ಟೋ ಹಸ್ತಪ್ರತಿಗಳು ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ಇದನ್ನು ಪತ್ರ ಬರೆದು ಕೇಳಬೇಕು ಅಂತಿದ್ದೇನೆ.

ಅಕ್ಟೋಬರ್

ದಸರಾ ರಜೆಗೆ ಇಳಕಲ್ಲಿಗೆ ಹೋಗಿದ್ದೆವು. ಮಗ್ಗ ಈಗ ನಡೆಯುತ್ತಿಲ್ಲ. ಕುಣಿಯ ಮೇಲೆ ಹಲಗೆ ಹಾಸಿದ್ದಾರೆ. ರಾಟಿ ಇನ್ನೂ ಇದೆ. ಪಕ್ಕದ ಓಣಿಯ ನೇಕಾರರಿಗೆ ಅವ್ವ ಈಗಲೂ ಕಂಡಿಕೆ ಸುತ್ತಿಕೊಡುತ್ತಾಳೆ.

ನನಗೆ ಬೇಕಾಗಿದ್ದು ಒಂದೇ ಒಂದು ವಿವರ, ಕಡಿದ ಎಳೆ ಕೂಡಿಸುವಾಗ ಬೆರಳು ಏನು ಮಾಡುತ್ತವೆ ಅನ್ನೋದು. ಚಿಕ್ಕಂದಿನಿಂದ ನೋಡಿದ್ದೇನೆ, ಆದರೆ ಬರೆಯಲು ಕೂತರೆ ಬರುತ್ತಿರಲಿಲ್ಲ. ಅವ್ವನ ಎದುರು ಕೂತು ನೋಡಿದೆ. ಮೊದಲು ಹೆಬ್ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಳ್ಳುತ್ತಾಳೆ. ಎರಡು ಎಳೆಯ ತುದಿಗಳನ್ನು ತೋರುಬೆರಳಿನ ಮೇಲೆ ಜೋಡಿಯಾಗಿ ಮಲಗಿಸುತ್ತಾಳೆ. ಹೆಬ್ಬೆರಳು ಮುಂದಕ್ಕೆ ಒಂದು ಸಲ ಹೊಸೆಯುತ್ತದೆ. ಆಮೇಲೆ ತುದಿ ಮಡಚಿ ಎಳೆಯ ಮೈಗೇ ಸೇರಿಸಿ ಇನ್ನೊಂದು ಸಲ. ಗಂಟಿಲ್ಲ. ಎಳೆದು ನೋಡಿದರೆ ಬಿಡುವುದಿಲ್ಲ. ಇಷ್ಟು ಮಾಡುವಾಗ ಅವ್ವನ ಕಣ್ಣು ಬಾಗಿಲ ಕಡೆ ಇತ್ತು, ಹಾಲಿನವನು ಬಂದನಾ ಅಂತ.

ಅವ್ವನಿಗೆ ನನ್ನ ಪ್ರಶ್ನೆಗಳು ವಿಚಿತ್ರ ಅನ್ನಿಸಿದವು.

"ಕಂಡಕಿ ಸುತ್ತೂದ್ರಾಗ ಬರಿಯೂದೇನೈತಿ? ನಿಮ್ಮಪ್ಪಂದ್ ಬರಿ. ಮಗ್ಗ ನಡಸಿದಾಂವ ಅಂವ."

"ಅಪ್ಪಂದೂ ಬರ್ತೈತಿ ಅವ್ವಾ. ಆದ್ರ ಹೇಳಾಕಿ ನೀನು."

ಅವ್ವ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಶುರು ಮಾಡಿದಳು. ನಾನು ಹುಟ್ಟುವ ಹಿಂದಿನ ದಿನವೂ ಸೆರಗು ಕೂಡಿಸಿದ್ದು, ಬಾಣಂತನದಲ್ಲಿ ಬೇರೆಯವರಿಗೆ ದುಡ್ಡು ಕೊಟ್ಟು ಆ ಕೆಲಸ ಮಾಡಿಸಿದ್ದು. ಆ ತಿಂಗಳು ಮಾತ್ರ ಅವಳ ಕೆಲಸಕ್ಕೆ ಬೆಲೆ ಎಷ್ಟು ಅಂತ ಮನೆಯವರಿಗೆಲ್ಲ ಗೊತ್ತಾಯಿತಂತೆ. ಈ ಮಾತು ನನಗೆ ಯಾರೂ ಹೇಳಿರಲಿಲ್ಲ. ಆರನೇ ಅಧ್ಯಾಯ ಈಗ ಪೂರ್ತಿ ಇದರ ಮೇಲೆ ನಿಂತಿದೆ. ಅವ್ವನ ಒಪ್ಪಿಗೆ ಕೇಳಿದೆ. "ಬರಿ, ಆದ್ರ ಅತ್ತಿ ಮ್ಯಾಲೆ ತಪ್ಪು ಹೊರಸಬ್ಯಾಡ" ಅಂದಳು.

ಮಗಳು ರಜೆಯಲ್ಲಿ ಅಜ್ಜಿಯ ಪಕ್ಕ ಕೂತು ರಾಟಿ ತಿರುಗಿಸಿದಳು. ಬಿರುಸಾಗಿ ತಿರುಗಿಸಿದರೆ ನೂಲು ಕಡಿಯುತ್ತದೆ, ಮೆಲ್ಲಗಾದರೆ ಕಂಡಿಕೆ ಸಡಿಲ ಆಗಿ ಲಾಳಿಯಲ್ಲಿ ಸಿಕ್ಕುತ್ತದೆ. ಅಜ್ಜಿ ಬೈಯಲಿಲ್ಲ. ಸುಮ್ನೆ ಅವಳ ಕೈ ಮೇಲೆ ಕೈ ಇಟ್ಟು ತಿರುಗಿಸಿದಳು. ಮಗಳಿಗೆ ಈ ಕೆಲಸ ಬರಬೇಕು ಅಂತ ನನ್ನ ಆಸೆಯಲ್ಲ. ಅಜ್ಜಿ ಏನು ಮಾಡುತ್ತಿದ್ದಳು ಅನ್ನೋದು ಅವಳಿಗೆ ಗೊತ್ತಿರಬೇಕು, ಅಷ್ಟೇ.

ನವೆಂಬರ್

ಕರಡು ಮುಗಿಯಿತು. ಪುಸ್ತಕ ನಾನೇ ತರುತ್ತಿದ್ದೇನೆ. ಬೇರೆ ಪ್ರಕಾಶಕರನ್ನು ಕೇಳಲಿಲ್ಲ. ಪುಟ ಕಟ್ಟುವ ಕೆಲಸ ಕೈಯಲ್ಲಿದೆ, ಅಚ್ಚಿನ ಅಕ್ಷರದ ಗಾತ್ರದಿಂದ ಹಿಡಿದು ರಕ್ಷಾಪುಟದವರೆಗೆ ನನ್ನ ಮನಸ್ಸಿನಂತೆ ಬರಬೇಕು ಅನ್ನುವ ಆಸೆಯೂ ಇದೆ.

ಡೆಮಿ 1/8 ಅಳತೆ. ಸುಮಾರು 240 ಪುಟ, ಅಂದರೆ 16 ಪುಟದ ಫಾರಂ ಲೆಕ್ಕದಲ್ಲಿ 15 ಫಾರಂ. ಇನ್ನೆರಡು ಪುಟ ಹೆಚ್ಚಾದರೂ ಲೆಕ್ಕ ಮುಂದಿನ ಫಾರಂಗೆ ಹೋಗುತ್ತದೆ, ಅದಕ್ಕೇ ಮುನ್ನುಡಿ ಎರಡೇ ಪುಟ. ಹಳೆಯ ಅಧ್ಯಾಯಗಳನ್ನು 'ನುಡಿ' ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ್ದೆ. ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಹೀಗಾಗಿ ಸಾಲು ಸಾಲೂ ಕಣ್ಣಾಡಿಸುತ್ತಿದ್ದೇನೆ. ಅವ್ವನ ಮಾತುಗಳನ್ನು ತಿದ್ದುಪಡಿ ತಂತ್ರಾಂಶ ಕೆಂಪು ಗೆರೆ ಹಾಕಿ ತೋರಿಸುತ್ತದೆ. ಅವು ಹಾಗೇ ಇರಲಿ.

ಪುಸ್ತಕವನ್ನು ಗುರುತಿಸುವ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಕಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಆನ್‌ಲೈನ್ ಅರ್ಜಿ ತೆಗೆದುಕೊಂಡು ಉಚಿತವಾಗಿ ಕೊಡುತ್ತದೆ, ಲೇಖಕರೇ ಪ್ರಕಾಶಕರಾದರೂ ಸರಿ. ಪುಸ್ತಕ ಬಂದ ಮೇಲೆ 1954ರ ಪುಸ್ತಕ ವಿತರಣಾ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಒಂದು ಪ್ರತಿ ಕಳಿಸಬೇಕು. ಅವ್ವನ ಕೆಲಸದ ಕಥೆ ಅಲ್ಲಿನ ಕಪಾಟಿನಲ್ಲಿ ಕೂರುತ್ತದೆ ಅನ್ನೋದು ನನಗೆ ತುಂಬಾ ಖುಷಿ ಕೊಡುತ್ತದೆ.

ಎಷ್ಟು ಪ್ರತಿ ಅನ್ನೋದು ಇನ್ನೂ ನಿರ್ಧಾರ ಆಗಿಲ್ಲ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳುತ್ತದೆ, ಪ್ರತಿ ಹೆಚ್ಚಾದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಡಿಜಿಟಲ್ ಆದರೆ ನೂರೇ ಪ್ರತಿ ಹಾಕಿಸಬಹುದು, ಆದರೆ ಒಂದೊಂದೂ ದುಬಾರಿ. ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ನನಗೆ ಅಂಚೆ ಇದೆ. 2025ರಲ್ಲಿ ಶುರುವಾದ, ಪುಸ್ತಕ ಕಳಿಸುವ ಅಂಚೆ ಸೇವೆ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ ದರ 20 ರೂಪಾಯಿಯಿಂದ ಶುರು, ತೆರಿಗೆ ಬೇರೆ. ನನ್ನ ಪುಸ್ತಕ ಆ ತೂಕದೊಳಗೆ ಬರುವಂತೆ ಕಾಗದ ಆರಿಸಬೇಕು.

ಮುಂದಿನ ಕೆಲಸ

ಕರಡನ್ನು ಮೊದಲು ಓದಬೇಕಾದವರು ನೇಕಾರರ ಮನೆಯ ಹೆಂಗಸರು. ಇಳಕಲ್, ಗುಳೇದಗುಡ್ಡ, ಕಮತಗಿ, ಸೂಳೇಭಾವಿ, ರಬಕವಿ-ಬನಹಟ್ಟಿ ಕಡೆಯವರು ಯಾರಾದರೂ ಓದಲು ಒಪ್ಪಿದರೆ ಪ್ರತಿ ಕಳಿಸುತ್ತೇನೆ. ಓದು ಬರದ ಹಿರಿಯರಿದ್ದರೆ ಮನೆಯವರು ಆರನೇ ಅಧ್ಯಾಯ ಒಂದನ್ನಾದರೂ ಓದಿ ಕೇಳಿಸಲಿ. ನಿಮ್ಮ ಮನೆಯಲ್ಲಿ ಕಂಡಿಕೆ ಸುತ್ತಿದವರಿಗೆ, ಸೆರಗು ಕೂಡಿಸಿದವರಿಗೆ ಕೂಲಿ ಅಂತ ಬೇರೆಯಾಗಿ ಕೊಡುತ್ತಿದ್ದರಾ? ಕೊಡುತ್ತಿದ್ದರೆ ಯಾರ ಕೈಗೆ? ಈ ಎರಡು ಉತ್ತರ ಸಿಕ್ಕ ಮೇಲೆ ಕೊನೆಯ ಅಧ್ಯಾಯ ತಿದ್ದಿ ಅಚ್ಚಿಗೆ ಕೊಡುತ್ತೇನೆ.