ಅಕ್ಕ, ಶಿನ್ ನೋಯ್ತಿದೆ, ಓಡ್ಲಾ ಬೇಡ್ವಾ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನನ್ನನ್ನು ನಿಲ್ಲಿಸಿ ಹೊಸಬರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಓಡಲು ಶುರು ಮಾಡಿ ಮೂರೋ ನಾಲ್ಕೋ ವಾರ ಆಗಿರುತ್ತದೆ. ಬಗ್ಗಿ, ಕಣಕಾಲಿನ ಒಳಮಗ್ಗುಲನ್ನು ಮುಟ್ಟಿ ತೋರಿಸಿ, "ಅಕ್ಕ, ಇಲ್ಲಿ ನೋಯ್ತಿದೆ. ಓಡ್ಲಾ, ಬೇಡ್ವಾ?" ಅಂತಾರೆ.

ಅವರು ತೋರಿಸುವ ರೀತಿಯಲ್ಲೇ ಅರ್ಧ ಉತ್ತರ ಇರುತ್ತದೆ. ಎಲುಬಿನ ಅಂಚಿಗುಂಟ ಒಂದು ಗೇಣಿನಷ್ಟು ಬೆರಳು ಎಳೆದು ತೋರಿಸಿದರೆ ನನಗೆ ಸ್ವಲ್ಪ ಸಮಾಧಾನ. ಅದು ಬಹುಮಟ್ಟಿಗೆ ಶಿನ್ ಸ್ಪ್ಲಿಂಟ್ಸ್, ಅಂದರೆ ಹೊರೆ ಹೆಚ್ಚಾಗಿ ಕಣಕಾಲಿನ ಎಲುಬಿಗುಂಟ ಬರುವ ನೋವು. ವೈದ್ಯರು ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್ ಅನ್ನುತ್ತಾರೆ. ಅದೇ, ರೂಪಾಯಿ ನಾಣ್ಯದಷ್ಟು ಜಾಗವನ್ನು ಒತ್ತಿ "ಇಲ್ಲೇ, ಸರಿಯಾಗಿ ಇಲ್ಲೇ" ಅಂದರೆ, ಅವತ್ತಿನ ಓಟ ಬಿಡಿಸಿ ಮೂಳೆ ವೈದ್ಯರ ಹತ್ತಿರ ಕಳಿಸುತ್ತೇನೆ. ಟಿಬಿಯಾದಲ್ಲಿ, ಅಂದರೆ ಕಣಕಾಲಿನ ದೊಡ್ಡ ಎಲುಬಿನಲ್ಲಿ, ಕೂದಲೆಳೆಯಂಥ ಬಿರುಕು ಬಿಟ್ಟಿದ್ದರೂ ಬಿಟ್ಟಿರಬಹುದು.

ನೋವು ಮೊದಲ ದಿನವೇ ಬರದೆ ಮೂರನೇ, ನಾಲ್ಕನೇ ವಾರಕ್ಕೆ ಯಾಕೆ ಬರುತ್ತದೆ? ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ನಮ್ಮ ತೂಕದ ಎರಡು ಮೂರು ಪಟ್ಟು ಹೊರೆ ಕಾಲಿಗೆ ಬೀಳುತ್ತದೆ. ಒಂದು ಕಿಲೋಮೀಟರ್‌ಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ. ಆ ಹೊರೆಗೆ ಎಲುಬು ಪ್ರತಿ ಸಲವೂ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಹೀಗೆ ದಣಿದ ಜಾಗವನ್ನು ದೇಹ ರಿಪೇರಿಗೆ ತೆಗೆದುಕೊಳ್ಳುತ್ತದೆ. ಹಳೆ ಗೋಡೆಯ ಸಡಿಲಾದ ಗಾರೆಯನ್ನು ಮೊದಲು ಕೆತ್ತಿ ತೆಗೆದು, ಆಮೇಲೆ ಹೊಸದನ್ನು ಮೆತ್ತುವ ಹಾಗೆ. ಕೆತ್ತುವ ಕೆಲಸ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಮೆತ್ತಿ ಗಟ್ಟಿಯಾಗಲು ಸುಮಾರು 3 ತಿಂಗಳು ಬೇಕು. ಅಂದರೆ ಓಡಲು ಶುರು ಮಾಡಿದ ತಿಂಗಳಲ್ಲಿ ಆ ಜಾಗ ಮೊದಲಿಗಿಂತ ದುರ್ಬಲವಾಗಿಯೇ ಇರುತ್ತದೆ.

ಉಸಿರಿನ ಕಥೆ ಬೇರೆ. ಅದು ಎರಡು ಮೂರು ವಾರಕ್ಕೆಲ್ಲ ಪಳಗಿಬಿಡುತ್ತದೆ. ಮೊದಲ ವಾರ ಏದುಸಿರು ಬಿಟ್ಟವರಿಗೆ ನಾಲ್ಕನೇ ವಾರ ಮಾತಾಡಿಕೊಂಡು ಓಡಲು ಬರುತ್ತದೆ. "ಪರವಾಗಿಲ್ಲ, ಆಗುತ್ತೆ" ಅಂತ ಇನ್ನೊಂದು ಸುತ್ತು ಹಾಕುವುದು ಎಲುಬು ಅತ್ಯಂತ ಸೋತಿರುವ ಹೊತ್ತಿನಲ್ಲೇ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ವರ್ಲ್ಡ್ 10ಕೆಗೆ ಹೆಸರು ಕೊಟ್ಟು, ಆರು ವಾರ ಉಳಿದಿರುವಾಗ ಓಡಲು ಶುರು ಮಾಡುವವರಿಗೆ ಆಗುವುದೂ ಇದೇ.

ನನಗೂ ಹೀಗೇ ಆಯಿತು. ಮೊದಲ ವರ್ಷ ನೋವಿಗೆ ಸ್ಪ್ರೇ ಹೊಡೆದು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇಳಿಜಾರಿಗೆ ಓಡಿದೆ. ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ಮೈಯನ್ನು ತಡೆದು ನಿಲ್ಲಿಸುವ ಕೆಲಸ ಕಾಲಿನದು. ಹದಿನೈದು ದಿನಕ್ಕೆ ಮನೆಯೊಳಗೆ ನಡೆದರೂ ನೋವು, ರಾತ್ರಿ ಮಲಗಿದರೂ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಆಮೇಲೆ ಮಾಡಿಸಿದ ಎಂಆರ್‌ಐಯಲ್ಲಿ ಕಂಡಿತು. ಇಂಥ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಗೆ ಸಿಗದಿರುವುದು ಸಾಮಾನ್ಯ. ಎಕ್ಸ್‌ರೇ ಚೆನ್ನಾಗಿದೆ ಅಂತ ಓಡಲು ಹೊರಡಬೇಡಿ. ಹತ್ತು ವಾರ ಮನೆಯಲ್ಲಿ ಕೂತೆ. ಮೊದಲೇ ಎರಡು ವಾರ ಬಿಟ್ಟಿದ್ದರೆ ಸಾಕಾಗುತ್ತಿತ್ತೇನೋ ಎಂದು ಇವತ್ತಿಗೂ ಅನಿಸುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಓಡಬೇಕೋ ಬೇಡವೋ? ಒಂದು ವಾರ, ಬೇಕಾದರೆ ಎರಡು ವಾರ ಓಟ ಬಿಡಿ. ನಡಿಗೆಯಲ್ಲಿ ನೋವಿಲ್ಲದಿದ್ದರೆ ನಡೆಯಿರಿ. ಸೈಕಲ್ ತುಳಿಯಿರಿ, ಈಜು ಬಂದರೆ ಈಜಿ. ಉಸಿರು ಗಳಿಸಿದ್ದು ಎಲ್ಲೂ ಹೋಗುವುದಿಲ್ಲ. ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವಿಲ್ಲ, ನೋಯುತ್ತಿದ್ದ ಕಾಲೊಂದರಲ್ಲೇ ಹತ್ತು ಸಲ ಕುಪ್ಪಳಿಸಿದರೂ ನೋವಿಲ್ಲ ಅಂದ ಮೇಲೆ ಮತ್ತೆ ಶುರು ಮಾಡಿ. ಹೇಗೆಂದರೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ದಿನ ಬಿಟ್ಟು ದಿನ. ಓಡುವಾಗ ಸಣ್ಣಗೆ ಎಳೆದರೆ ಪರವಾಗಿಲ್ಲ. ಮಾರನೆ ದಿನ ಹಾಸಿಗೆಯಿಂದ ಇಳಿದಾಗ ನೋವು ನಿನ್ನೆಗಿಂತ ಹೆಚ್ಚಿದ್ದರೆ ಮಾತ್ರ ಓಟವನ್ನು ಒಂದು ಹಂತ ಕಡಿಮೆ ಮಾಡಿ. ನಾನು ನಂಬುವ ಅಳತೆ ಈ ಮಾರನೆ ಬೆಳಗಿನದು, ವಾಚ್ ತೋರಿಸುವ ಯಾವ ಅಂಕಿಯೂ ಅಲ್ಲ.

ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಟ್ಟರೆ ನೋವು ಇಳಿಯುತ್ತದೆ, ಅಷ್ಟೇ. ಎಲುಬು ಬೇಗ ಕೂಡುವುದಿಲ್ಲ. ಎಣ್ಣೆ ಹಚ್ಚಿ ಮೀನಖಂಡವನ್ನು ನೀವಿಕೊಳ್ಳಿ, ಆದರೆ ನೋಯುವ ಎಲುಬಿನ ಮೇಲೆ ಗಟ್ಟಿಯಾಗಿ ತಿಕ್ಕಬೇಡಿ. ನೋವಿನ ಮಾತ್ರೆ ನುಂಗಿ ಓಡುವುದನ್ನಂತೂ ದಯವಿಟ್ಟು ಮಾಡಬೇಡಿ.

ಬಿಡುವಿನ ದಿನಗಳಲ್ಲಿ ಮಾಡಬೇಕಾದ ಕೆಲಸವೊಂದಿದೆ. ಹೆಚ್ಚಿನವರು ಎರಡು ದಿನ ಮಾಡಿ ಬಿಡುವುದೂ ಅದನ್ನೇ. ಗೋಡೆ ಹಿಡಿದು ನಿಂತು ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು, 15 ಸಲ, ಮೂರು ಸರದಿ. ಮಂಡಿ ನೆಟ್ಟಗಿಟ್ಟು ಒಮ್ಮೆ, ಮಂಡಿ ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ. ಬಗ್ಗಿಸಿದಾಗ ಕೆಲಸ ಬೀಳುವುದು ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯುವಿಗೆ. ಎಲುಬು ಬಾಗದಂತೆ ಹಿಂದಿನಿಂದ ಹಿಡಿದುಕೊಳ್ಳುವ ಸ್ನಾಯು ಅದು. ಅದು ದಣಿದರೆ ಹೊರೆಯೆಲ್ಲ ಎಲುಬಿಗೇ. ಎರಡು ಕಾಲಲ್ಲಿ ಹಗುರವಾದ ಮೇಲೆ ಒಂದೇ ಕಾಲಲ್ಲಿ ಮಾಡಿ. ಎರಡು ಮೂರು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ತಿಳಿಯುತ್ತದೆ.

ಹೆಜ್ಜೆ ಚಿಕ್ಕದಿರಲಿ. ಹೊಸಬರು ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿಯಿಂದ ನೆಲ ಗುದ್ದುತ್ತಾರೆ. ಅರ್ಧ ನಿಮಿಷ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಣಿಸಿ. 38 ಬಂದರೆ, ವೇಗ ಹೆಚ್ಚಿಸದೆ ಅದನ್ನು 40 ಮಾಡಿ. ಪಾದ ಮೈಯ ಕೆಳಗೇ ಬೀಳತೊಡಗುತ್ತದೆ, ಸದ್ದೂ ಕಡಿಮೆಯಾಗುತ್ತದೆ.

ಶೂ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಟ್ಟೆ ಸವೆದಿದ್ದರೆ ಬದಲಾಯಿಸಿ, ಹಾಕಿ ನೋಡಿದಾಗ ಹಿತವೆನಿಸಿದ್ದನ್ನು ಕೊಳ್ಳಿ. ದುಬಾರಿ ಶೂ ಈ ನೋವನ್ನು ತಡೆಯುವುದಿಲ್ಲ. ಮಣ್ಣಿನ ದಾರಿ ಕಾಲಿಗೆ ಹಿತ, ಆದರೆ ಮಣ್ಣಲ್ಲೂ ಅಳತೆ ಮೀರಿ ಓಡಿದರೆ ನೋವು ತಪ್ಪಿದ್ದಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು, ಏರಿಯ ಮೇಲೆ ಎಲ್ಲರೆದುರು ಕೇಳಲಾಗದ್ದು. ಓಡಲು ಶುರು ಮಾಡಿದ ಮೇಲೆ ಮುಟ್ಟು ನಿಂತಿದ್ದರೆ, ಏರುಪೇರಾಗಿದ್ದರೆ, ತಿನ್ನುವುದು ಸಾಲುತ್ತಿಲ್ಲ ಎಂಬ ಸೂಚನೆ ಇದ್ದೀತು. ಹಾಗಿರುವಾಗ ಎಲುಬಿಗೆ ರಿಪೇರಿಯ ಸಾಮಾನು ಸಿಗುವುದಿಲ್ಲ. ತೂಕ ಇಳಿಸಲು ರಾತ್ರಿ ಊಟ ಬಿಟ್ಟು ಬೆಳಗ್ಗೆ ಓಡುವವರಲ್ಲಿ ನಾನಿದನ್ನು ಕಂಡಿದ್ದೇನೆ. ವೈದ್ಯರಿಗೆ ತೋರಿಸಿ, ವಿಟಮಿನ್ ಡಿಯನ್ನೂ ನೋಡಿಸಿ. ಹೊಟ್ಟೆ ತುಂಬ ಮುದ್ದೆ ಉಣ್ಣಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ರಾತ್ರಿ ನೋವು, ಕುಂಟುವಂಥ ನೋವು, ಓಡಿದಾಗಲೆಲ್ಲ ಕಣಕಾಲು ಬಿಗಿದು ಪಾದ ಜೋಮು ಹಿಡಿಯುವುದು, ಇವಕ್ಕೆ ಮನೆಮದ್ದು ಬೇಡ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಅಪಾಯ ಇರುತ್ತದೆ.

"ರೇಸ್‌ಗೆ ದುಡ್ಡು ಕಟ್ಟಿಬಿಟ್ಟಿದ್ದೀನಲ್ಲಾ ಅಕ್ಕ" ಅಂತ ಕಳೆದ ವರ್ಷ ಒಬ್ಬಳು ಕಣ್ಣಲ್ಲಿ ನೀರು ತಂದುಕೊಂಡಳು. ದುಡ್ಡು ಹೋಗಲಿ ಬಿಡು ಅಂದೆ. ಅವಳು ಬಿಟ್ಟಳು. ಮತ್ತೆ ಶುರು ಮಾಡಿದ ದಿನ ಅವಳು ಓಡಿದ್ದು ಎಲ್ಲ ಸೇರಿ 8 ನಿಮಿಷ. ಈಗ ಕೆರೆಗೆ ಪೂರ್ತಿ ಒಂದು ಸುತ್ತು ಓಡುತ್ತಾಳೆ, ಓಡಿ ಬಂದು ನೆಲಕ್ಕೆ ಕೂತು ತನ್ನ ಕಣಕಾಲನ್ನು ತಾನೇ ಒತ್ತಿ ನೋಡಿಕೊಳ್ಳುತ್ತಾಳೆ.