ಪರದೆಯ ಬಣ್ಣ, ಸಭಾಂಗಣದ ಬೆಳಕು

ಕಳೆದ ಮಳೆಗಾಲದಲ್ಲಿ ನಮ್ಮ ಪೇಸ್ಟ್ರಿ ಕಿಚನ್‌ಗೆ ಬಂದ ಒಂದು ಆರ್ಡರ್ ಈಗಲೂ ನನ್ನ ಮನಸ್ಸನ್ನು ಕೊರೆಯುತ್ತದೆ. ವೆಸ್ ಆಂಡರ್ಸನ್ ನಿರ್ದೇಶನದ ‘ದ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್’ (2014) ಚಿತ್ರದ ಪ್ರದರ್ಶನ ಮುಗಿದ ಮೇಲೆ ನಡೆಯುವ ಔತಣಕ್ಕೆ, ಅದೇ ಚಿತ್ರದಲ್ಲಿ ಬರುವ ‘ಕೋರ್ಟೆಸಾನ್ ಓ ಶೊಕೊಲಾ’ ಎಂಬ ಸಿಹಿಯನ್ನು ಮಾಡಿಕೊಡಬೇಕೆಂದು ಗ್ರಾಹಕರು ಕೇಳಿದ್ದರು. ದೊಡ್ಡದು, ಮಧ್ಯಮ, ಚಿಕ್ಕದು ಎಂಬ ಮೂರು ಶೂ (choux, ಒಳಗೆ ಟೊಳ್ಳಾಗಿ ಉಬ್ಬುವ ಹಗುರ ಫ್ರೆಂಚ್ ಹಿಟ್ಟು) ಬನ್‌ಗಳಿಗೆ ಚಾಕೊಲೇಟ್ ಕ್ರೀಮ್ ತುಂಬಿ, ತಿಳಿ ನೇರಳೆ, ಹಸಿರು, ಗುಲಾಬಿ ಐಸಿಂಗ್‌ನಲ್ಲಿ ಅದ್ದಿ, ಒಂದರ ಮೇಲೊಂದು ಕೂರಿಸಿ, ತುದಿಗೆ ಕೋಕೊ ಬೀಜ ಇಡುವ ತಿನಿಸು ಅದು. ಜರ್ಮನಿಯ ಗರ್ಲಿಟ್ಸ್ ಪಟ್ಟಣದಲ್ಲಿ ಚಿತ್ರೀಕರಣ ನಡೆದಾಗ ಅಲ್ಲಿಯದೇ ಬೇಕರ್ ಒಬ್ಬರು ಅದನ್ನು ತಯಾರಿಸಿದ್ದರು.

ಆ ಚಿತ್ರದ 1930ರ ದಶಕದ ಭಾಗವೆಲ್ಲ 1.37:1 ಅನುಪಾತದ, ಹೆಚ್ಚುಕಡಿಮೆ ಚೌಕವೆನ್ನಬಹುದಾದ ಚೌಕಟ್ಟಿನಲ್ಲಿದೆ. ಅಲ್ಲಿ ಪ್ರತಿಯೊಂದು ವಸ್ತುವೂ ನಟ್ಟನಡುವೆ, ಎರಡೂ ಬದಿ ಸಮತೂಗುವಂತೆ ಕೂರುತ್ತದೆ. ಬನ್‌ಗಳು ಸ್ವಲ್ಪ ವಾಲಿದರೂ ಸಿನಿಮಾದ ನೆನಪು ಕೆಡುತ್ತದೆಂದು ನಾವು ಶ್ರಮವನ್ನೆಲ್ಲ ಆಕಾರಕ್ಕೇ ಸುರಿದೆವು. ಬನ್ ಉಬ್ಬಿ ಗಟ್ಟಿಯಾಗುವವರೆಗೆ ಅವನ್ನಿನ ಬಾಗಿಲು ಮುಟ್ಟಲಿಲ್ಲ. ಆಮೇಲೆ ತಳಕ್ಕೆ ತೂತು ಮಾಡಿ, ಹಬೆ ಬಿಟ್ಟು, ಮತ್ತೆ ಒಣಗಿಸಿದೆವು. ಫಾಂಡೆಂಟ್, ಅಂದರೆ ಬನ್ ಅದ್ದುವ ಸಕ್ಕರೆಯ ಐಸಿಂಗ್, ಹೆಚ್ಚು ಕಾದರೆ ಹೊಳಪು ಹೋಗುವುದರಿಂದ 37 ಡಿಗ್ರಿ ದಾಟದಂತೆ ಒಬ್ಬರು ಥರ್ಮಾಮೀಟರ್ ಹಿಡಿದೇ ನಿಂತಿದ್ದರು. ಬಣ್ಣದ ಸ್ಯಾಂಪಲ್ಲನ್ನು ಮಾತ್ರ ವಾಡಿಕೆಯಂತೆ ಕಿಚನ್ನಿನ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಫೋಟೊ ತೆಗೆದು ಸೇಲ್ಸ್‌ನವರಿಗೆ ಕಳಿಸಿದೆವು. ಒಪ್ಪಿಗೆ ಬಂತು, ಔತಣದ ವಿವರಗಳನ್ನೆಲ್ಲ ಬರೆದಿಡುವ ಆರ್ಡರ್ ಪತ್ರವಾದ ಬಿಇಒಗೆ ಸಹಿ ಬಿತ್ತು.

ಔತಣದ ಬಾಗಿಲು ತೆರೆಯಲು ಅರ್ಧ ಗಂಟೆಯೂ ಉಳಿದಿರಲಿಲ್ಲ. ಮೊದಲ ಟ್ರೇಯನ್ನು ಕೌಂಟರಿನ ಮೇಲಿಟ್ಟ ಕಮಿ (ಕಿರಿಯ ಅಡುಗೆ ಸಹಾಯಕ) ಹುಡುಗ, “ಶೆಫ್, ನೇರಳೆ ಎಲ್ಲಿ ಹೋಯಿತು?” ಎಂದು ಕೇಳಿದ. ಕೌಂಟರಿನ ಮೇಲೆ ಹಳದಿ ದೀಪಗಳು ಉರಿಯುತ್ತಿದ್ದವು. ಅಂಥ ಬೆಳಕಿನಲ್ಲಿ ನೀಲಿಯ ಅಂಶ ತೀರಾ ಕಡಿಮೆ. ನೀಲಿಯ ಬಲದಿಂದಲೇ ನಿಲ್ಲುವ ತಿಳಿ ನೇರಳೆ ಬೂದು ಬಣ್ಣವಾಗಿ, ಗುಲಾಬಿ ಸೀಗಡಿಯ ಬಣ್ಣಕ್ಕೆ ತಿರುಗಿತ್ತು. ಅದೇ ಹೊತ್ತಿಗೆ ವಾಕ್‌ಇನ್ ಎಂಬ ಶೈತ್ಯ ಕೋಣೆಯಿಂದ ಬಂದ ಎರಡನೆಯ ಟ್ರೇ ತೇವದ ಗಾಳಿಗೆ ಬೆವರತೊಡಗಿತು. ಮೇಲಿನ ಬನ್ನಿನ ಅಂಚಿನಲ್ಲಿ ಸಣ್ಣ ಹನಿಗಳು ಮೂಡಿ, ಒಂದಕ್ಕೊಂದು ಕೂಡಿಕೊಂಡು, ಗುಲಾಬಿ ಗೆರೆಯಾಗಿ ಹಸಿರಿನ ಮೇಲೆ ಇಳಿಯುತ್ತಿದ್ದುದನ್ನು ನಾನು ಕೈಕಟ್ಟಿ ನೋಡಬೇಕಾಯಿತು, ಏಕೆಂದರೆ ಒದ್ದೆ ಫಾಂಡೆಂಟನ್ನು ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತದೆ.

ಬ್ಯಾಂಕ್ವೆಟ್ ಮ್ಯಾನೇಜರ್ ಉಳಿದ ಟ್ರೇಗಳಿಗೆ ಇನ್ನಷ್ಟು ಬಣ್ಣ ಹಾಕಿ ಮತ್ತೊಂದು ಪದರ ಕೊಡಿ ಎಂದರು. ನಾನು ಒಪ್ಪಲಿಲ್ಲ. ಹತ್ತಿ ಮಿಠಾಯಿಯಲ್ಲಿ ರೋಡಮೀನ್-ಬಿ ಎಂಬ, ಆಹಾರಕ್ಕೆ ಸಲ್ಲದ ಬಣ್ಣ ಸಿಕ್ಕ ಮೇಲೆ 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಅದಕ್ಕೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬಳಸುವುದನ್ನೇ ನಿಷೇಧಿಸಿತು. ಅನುಮತಿ ಇರುವ ಬಣ್ಣಗಳಿಗೂ ಮಿತಿಯಿದೆ, ಆ ಮಿತಿಯನ್ನು ಅವಸರದಲ್ಲಿ ಕಣ್ಣಳತೆಯಿಂದ ಕಾಯಲಾಗದು. ಅಲ್ಲದೆ ಗಾಢ ಬಣ್ಣ ಆ ಚಿತ್ರದ ಸಿಹಿಗೆ ಸಲ್ಲುವುದೂ ಇಲ್ಲ. ಎಂಜಿನಿಯರಿಂಗ್ ವಿಭಾಗಕ್ಕೆ ಫೋನ್ ಮಾಡಿ, ಕೌಂಟರಿನ ಮೇಲಿನ ದೀಪಗಳನ್ನು 4000 ಕೆಲ್ವಿನ್ನಿನವಕ್ಕೆ, ಅಂದರೆ ಹಳದಿ ಕಡಿಮೆಯಿರುವ ಬಿಳಿ ಬೆಳಕಿನವಕ್ಕೆ, ಬದಲಿಸಿ ಎಂದು ಬೇಡಿಕೊಂಡೆ. ಏಣಿ ಬರುವವರೆಗಿನ ನಿಮಿಷಗಳಲ್ಲಿ ಯಾರೂ ಮಾತಾಡಲಿಲ್ಲ. ದೀಪ ಹೊತ್ತಿದೊಡನೆ ನೇರಳೆ ಮರಳಿತು. ಬೆವರಿದ ಟ್ರೇಯನ್ನು ಹಿಂದಕ್ಕೆ ಕಳಿಸಿ, ಎ.ಸಿ. ಕೋಣೆಯಲ್ಲಿ ಇಟ್ಟಿದ್ದವನ್ನಷ್ಟೇ ಬಡಿಸಿದೆವು. ಸಂಖ್ಯೆ ಕಡಿಮೆಯಾಗಿ ಕೊನೆಯ ಮೇಜಿನವರಿಗೆ ಬರಿಯ ಎಕ್ಲೇರ್ (ಕ್ರೀಮ್ ತುಂಬಿದ ಉದ್ದನೆಯ ಪೇಸ್ಟ್ರಿ) ಸಿಕ್ಕಿತು, ಅದಕ್ಕೆ ನನಗೆ ಈಗಲೂ ಬೇಸರವಿದೆ.

ಬಿಇಒ ನಮೂನೆಯಲ್ಲಿ ಸಭಾಂಗಣದ ಬೆಳಕಿಗೊಂದು ಕಾಲಂ ಸೇರಿಸಿ ಎಂದು ಮ್ಯಾನೇಜ್‌ಮೆಂಟಿಗೆ ಬರೆದುಕೊಟ್ಟಿದ್ದೇನೆ, ಅದಿನ್ನೂ ಆಗಿಲ್ಲ. ಹಾಗಾಗಿ ಸಿನಿಮಾದ ಆರ್ಡರ್ ಬಂದಾಗಲೆಲ್ಲ ಸ್ಯಾಂಪಲ್ಲನ್ನು ನಾನೇ ಹೊತ್ತುಕೊಂಡು ಸಭಾಂಗಣಕ್ಕೆ ಹೋಗಿ, ಸಂಜೆಯ ದೀಪ ಹಾಕಿಸಿ, ಅಲ್ಲಿಯೇ ಒಂದು ಗಂಟೆ ಬಿಟ್ಟು ನೋಡುತ್ತೇನೆ.