ಆನಂದಪುರದಲ್ಲಿ ಕೇಳಿದ ಬೀದರಿನ ಹೆಸರು

ಬ್ಯಾಂಕಿನ ಕೆಲಸದ ಮೇಲೆ ಲುಧಿಯಾನಕ್ಕೆ ವರ್ಗವಾಗಿ ಹೋದ ಮೊದಲ ವಾರದಲ್ಲೇ ನನ್ನ ಕಿವಿಗೆ ಬಿದ್ದು ಅಲ್ಲಿಯೇ ನೆಲೆಸಿದ ಪಂಜಾಬಿ ಪದ ‘ಕಣಕ್’. ಬೀದರಿನ ನಮ್ಮ ಮನೆಯಲ್ಲಿ ಹೋಳಿಗೆಗೆಂದು ಅವ್ವ ನಾದಿ, ಎಣ್ಣೆ ಸವರಿ, ಒದ್ದೆ ಬಟ್ಟೆ ಮುಚ್ಚಿಡುತ್ತಿದ್ದ ಹಿಟ್ಟಿಗೆ ಕಣಕವೆಂದು ಹೆಸರು. ಪಂಜಾಬಿನಲ್ಲಿ ಹೊಲದಲ್ಲಿ ನಿಂತ ಗೋಧಿಗೇ ಆ ಹೆಸರು. ಸಾಲದ ವಿಚಾರಕ್ಕೆ ಬರುತ್ತಿದ್ದ ರೈತರು ‘ಕಣಕ್ ಬಂದ ಮೇಲೆ ಕಟ್ಟುತ್ತೇವೆ’ ಎನ್ನುವಾಗಲೆಲ್ಲ ನನಗೆ ಅವ್ವನ ಪರಾತ ನೆನಪಾಗುತ್ತಿತ್ತು. ಸಾಲದ ಕಂತು, ಮಗಳ ಮದುವೆ, ಟ್ರ್ಯಾಕ್ಟರಿನ ರಿಪೇರಿ, ಮನೆಯ ಮೇಲ್ಮಹಡಿ, ಹೀಗೆ ಅವರ ಬದುಕಿನ ಲೆಕ್ಕವೆಲ್ಲ ಏಪ್ರಿಲ್ ತಿಂಗಳ ಒಂದು ದಿನದ ಆಚೆಗೆ ಹೋಗಿ ಕಾಯುತ್ತಿತ್ತು. ಆ ದಿನವೇ ವೈಶಾಖಿ. ಅವರ ಬಾಯಲ್ಲಿ ‘ವಿಸಾಖಿ’. ಅಲ್ಲಿ ಕಳೆದ ಮೂರು ವೈಶಾಖಿಗಳ ಬಗ್ಗೆ, ಅದರಲ್ಲೂ ಎರಡನೆಯದರ ಬಗ್ಗೆ, ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಸೂರ್ಯನು ಮೇಷ ರಾಶಿಯನ್ನು ಪ್ರವೇಶಿಸುವ ದಿನವಾದುದರಿಂದ ವೈಶಾಖಿ ಏಪ್ರಿಲ್ 13 ಅಥವಾ 14ರಂದು ಬರುತ್ತದೆ. ಚಾಂದ್ರಮಾನ ಯುಗಾದಿಯನ್ನು ಆಚರಿಸುವ ನಮ್ಮಂಥವರಿಗೆ ಈ ಲೆಕ್ಕ ಹೊಸದೆನಿಸಬಹುದು, ಆದರೆ ತುಳುನಾಡಿನವರಿಗೆ ಹೊಸದಲ್ಲ. ಅವರ ಬಿಸು ಇದೇ ಸಂಕ್ರಮಣದ ಹಬ್ಬ. ನಕ್ಷತ್ರಗಳನ್ನು ಆಧರಿಸಿದ ಈ ಸೌರವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದಾದ ಕಾರಣ, 70 ವರ್ಷಗಳಿಗೊಮ್ಮೆ ಹಬ್ಬವು ಒಂದು ದಿನದಷ್ಟು ಮುಂದಕ್ಕೆ ಸರಿಯುತ್ತ ಬಂದಿದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ವೈಶಾಖಿಯನ್ನು ಸಿಖ್ಖರ ಹೊಸವರ್ಷವೆಂದು ಪತ್ರಿಕೆಗಳು ಬರೆಯುವುದುಂಟು, ಆದರೆ 2003ರಲ್ಲಿ ಜಾರಿಗೆ ಬಂದ ನಾನಕಶಾಹಿ ಪಂಚಾಂಗದಲ್ಲಿ ವರ್ಷ ಆರಂಭವಾಗುವುದು ಮಾರ್ಚ್ ಮಧ್ಯದ ಚೇತ್ ತಿಂಗಳಿಂದ. ವೈಶಾಖಿ ಪಂಜಾಬಿನ ಹಳೆಯ ಸೌರ ಹೊಸವರ್ಷ, ಅಲ್ಲಿನ ಹಿಂದೂಗಳಿಗೂ ಸಿಖ್ಖರಿಗೂ ಸಮನಾಗಿ ಸೇರಿದ ಸುಗ್ಗಿಯ ದಿನ. ಸಿಖ್ಖರಿಗೆ ಅದು ಹೊಸವರ್ಷಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ಕಾರಣಕ್ಕೆ ಪವಿತ್ರ. ಆ ಕಾರಣದಲ್ಲಿ ನನ್ನ ಊರಿನ ಹೆಸರೂ ಸೇರಿದೆ ಎಂಬುದು ನನಗೆ ಪಂಜಾಬಿಗೆ ಹೋಗುವವರೆಗೆ ಸರಿಯಾಗಿ ತಿಳಿದಿರಲಿಲ್ಲ.

ಮೊದಲ ವೈಶಾಖಿ 2022ರದ್ದು. ಸಹೋದ್ಯೋಗಿಯೊಬ್ಬಳು ಜಗರಾಂವ್ ಬಳಿಯ ತನ್ನ ಹಳ್ಳಿಗೆ ಕರೆದೊಯ್ದಿದ್ದಳು. ಕಣ್ಣು ಹಾಯುವಷ್ಟು ದೂರ ಬಂಗಾರದ ಬಣ್ಣದ ಗೋಧಿ ನಿಂತಿತ್ತು, ಆದರೆ ಮನೆಯ ಹಿರಿಯರ ಮುಖದಲ್ಲಿ ಹಬ್ಬದ ಕಳೆ ಕಡಿಮೆಯಿತ್ತು. ಅವಳ ತಂದೆ ಹೊಲದ ಬದುವಿನಲ್ಲಿ ನಿಂತು ಒಂದು ತೆನೆ ಕಿತ್ತು, ಎರಡೂ ಅಂಗೈಗಳ ನಡುವೆ ಉಜ್ಜಿ, ಹೊಟ್ಟನ್ನು ಊದಿ, ಉಳಿದ ಕಾಳುಗಳನ್ನು ನನ್ನ ಅಂಗೈಗೆ ಸುರಿದರು. ಕಾಳು ಸೊರಗಿ ಸುಕ್ಕುಗಟ್ಟಿತ್ತು. ಆ ವರ್ಷದ ಮಾರ್ಚ್ ತಿಂಗಳು ದೇಶದಲ್ಲಿ ದಾಖಲಾದ ಅತ್ಯಂತ ಬಿಸಿಯ ಮಾರ್ಚ್ ಆಗಿತ್ತು. ಕಾಳು ಹಾಲುಗಟ್ಟಿ ತುಂಬಿಕೊಳ್ಳುವ ವಾರಗಳಲ್ಲಿ ಗೋಧಿಗೆ ತಂಪು ಬೇಕು. ಆ ಹೊತ್ತಿನಲ್ಲೇ ಬಿಸಿಲು ಏರಿದರೆ ತೆನೆ ಬೇಗ ಒಣಗುತ್ತದೆ, ಕಾಳು ತುಂಬುವುದಿಲ್ಲ. ಮುಂದೆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಗೋಧಿಯ ರಫ್ತನ್ನು ನಿಷೇಧಿಸಿತು ಮತ್ತು ಪಂಜಾಬ್, ಹರಿಯಾಣದ ಖರೀದಿಯಲ್ಲಿ ಸುಕ್ಕಿದ ಕಾಳಿನ ಮಿತಿಯನ್ನು ಶೇ. 6ರಿಂದ ಶೇ. 18ಕ್ಕೆ ಏರಿಸಿತು. ಪತ್ರಿಕೆಯಲ್ಲಿ ಆ ಅಂಕಿಗಳನ್ನು ಓದಿದಾಗ ನನಗೆ ಕಂಡದ್ದು ಅಂದು ನನ್ನ ಅಂಗೈ ಮೇಲೆ ಬಿದ್ದ ಆ ಕಾಳುಗಳೇ.

ನಾನು ರೈತರ ಮನೆಯಲ್ಲಿ ಹುಟ್ಟಿದವಳು. ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ನಿಂತ ಪೈರಿಗೆ ಪೂಜೆ ಮಾಡಿ, ಚರಗ ಚೆಲ್ಲಿ ಬರುತ್ತೇವೆ. ಅದು ಬೆಳೆ ಇನ್ನೂ ಕೈಗೆ ಬರುವ ಮುನ್ನ ಭೂಮಿತಾಯಿಯ ಬಯಕೆ ತೀರಿಸುವ ಹಬ್ಬ. ವೈಶಾಖಿ ಹಾಗಲ್ಲ, ನವೆಂಬರಿನಲ್ಲಿ ಬಿತ್ತಿ, ಚಳಿಗಾಲದ ಮಂಜಿನಲ್ಲಿ ನೀರು ಹಾಯಿಸಿ ಕಾದ ಬೆಳೆ ಕಡೆಗೂ ಒಣಗಿ ಕೊಯ್ಲಿಗೆ ನಿಂತಾಗ ಬರುವ ದಿನ ಅದು. ಹಾಗೆಂದು ನೆಮ್ಮದಿಯ ದಿನವೂ ಅಲ್ಲ. ಆ ವಾರದಲ್ಲಿ ಒಂದು ಆಲಿಕಲ್ಲು ಮಳೆ ಬಿದ್ದರೆ ನಿಂತ ಗೋಧಿ ಮಲಗುತ್ತದೆ, ಮಂಡಿಯಲ್ಲಿ ರಾಶಿ ಹಾಕಿದ ಗೋಧಿ ನೆನೆಯುತ್ತದೆ, ತೇವ ಹೆಚ್ಚಾದರೆ ಖರೀದಿ ನಿಲ್ಲುತ್ತದೆ. ಹಿಂದೆ ಕುಡುಗೋಲು ಹಿಡಿದು ವಾರಗಟ್ಟಲೆ ಕೊಯ್ಯುತ್ತಿದ್ದ ಹೊಲವನ್ನು ಈಗ ಕಂಬೈನ್ ಯಂತ್ರ ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ, ಆದರೆ ಆ ಯಂತ್ರದ ಸರದಿ ಬರುವವರೆಗೆ ರೈತ ಆಕಾಶ ನೋಡುವುದು ಮಾತ್ರ ತಪ್ಪಿಲ್ಲ. ಹಬ್ಬದ ಕುಣಿತವನ್ನು ದೂರದಿಂದ ನೋಡುವವರಿಗೆ ಈ ಆತಂಕ ಕಾಣುವುದಿಲ್ಲ, ಕಾಣದೆ ಹೋದರೆ ಆ ಕುಣಿತದ ಬೆಲೆಯೂ ತಿಳಿಯುವುದಿಲ್ಲವೆಂದು ನನಗೆ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ಹಳ್ಳಿಯ ಗುರುದ್ವಾರದಲ್ಲಿ ನಿಶಾನ್ ಸಾಹಿಬ್ ಎಂಬ ಧ್ವಜಸ್ತಂಭಕ್ಕೆ ಸುತ್ತಿದ್ದ ಹಳೆಯ ವಸ್ತ್ರವನ್ನು ಬಿಚ್ಚಿ, ಕಂಬವನ್ನು ಹಾಲು ನೀರಿನಿಂದ ತೊಳೆದು, ಹೊಸ ಕೇಸರಿ ವಸ್ತ್ರವನ್ನು ತೊಡಿಸಿದರು. ಅದಕ್ಕೆ ‘ಚೋಲಾ’ ಎನ್ನುತ್ತಾರೆ. ಗೋಧಿ ಹಿಟ್ಟು, ತುಪ್ಪ, ಸಕ್ಕರೆಗಳನ್ನು ಸಮತೂಕದಲ್ಲಿ ಹಾಕಿ ಮಾಡಿದ ಕಡಾಹ ಪ್ರಸಾದವನ್ನು ಎರಡೂ ಕೈಗಳನ್ನು ಜೋಡಿಸಿ ಒಡ್ಡಿ ಪಡೆದೆ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಊಟದಲ್ಲಿ, ನೆಲದ ಮೇಲೆ ಸಾಲಾಗಿ ಕುಳಿತಾಗ, ನನ್ನ ಸಹೋದ್ಯೋಗಿಯ ಅಜ್ಜಿ, ಎಲ್ಲರೂ ‘ಬೀಜಿ’ ಎಂದು ಕರೆಯುವವರು, ಬುಟ್ಟಿಯಿಂದ ರೊಟ್ಟಿ ತೆಗೆದು ನನ್ನ ಕೈಗೆ ಕೊಡುತ್ತ, ಈ ವರ್ಷದ ಕಣಕ್ ಸಣ್ಣದು, ಆದರೆ ರುಚಿ ಕೆಟ್ಟಿಲ್ಲ ಎಂದರು. ಸಂಜೆ ಢೋಲ್ ಸದ್ದಾಯಿತು, ಗಂಡಸರು ಭಂಗಡಾ ಕುಣಿದರು, ಅಂಗಳದಲ್ಲಿ ಹೆಂಗಸರ ಗಿದ್ದಾ ನಡೆಯಿತು. ಹಿಂದಿನ ದಿನ ಸೊರಗಿದ ಕಾಳು ತೋರಿಸಿದ ತಂದೆಯವರೂ ಕುಣಿದರು.

ಅದೇ ವರ್ಷ ಅಮೃತಸರಕ್ಕೂ ಹೋಗಿದ್ದೆ. ಜಲಿಯನ್‌ವಾಲಾ ಬಾಗಿನಲ್ಲಿ 1919ರ ಏಪ್ರಿಲ್ 13ರಂದು ಸೇರಿದ್ದವರೆಲ್ಲ ರೌಲತ್ ಕಾಯ್ದೆಯನ್ನು ಪ್ರತಿಭಟಿಸಲು ಬಂದವರಲ್ಲ. ವೈಶಾಖಿಗೆಂದು ಹರಿಮಂದಿರಕ್ಕೆ, ಅಂದರೆ ಸ್ವರ್ಣಮಂದಿರಕ್ಕೆ, ಬಂದು, ಜಾನುವಾರು ಜಾತ್ರೆ ನೋಡಿ, ದಣಿವಾರಿಸಿಕೊಳ್ಳಲು ಕುಳಿತ ಹಳ್ಳಿಗರೂ ಅವರಲ್ಲಿದ್ದರು. ಡೈಯರನ ಸೈನಿಕರು ಹಾರಿಸಿದ ಗುಂಡುಗಳು 1,650, ಸರ್ಕಾರ ಒಪ್ಪಿಕೊಂಡ ಸಾವುಗಳು 379. ಹೊಸ ಬಟ್ಟೆ ತೊಟ್ಟು ಮಕ್ಕಳ ಕೈಹಿಡಿದು ಬಂದವರ ಮೇಲೆ ನಡೆದ ಆ ಕೊಲೆಯ ನಂತರವೂ ಪಂಜಾಬಿನ ಜನ ಆ ದಿನವನ್ನು ಹಬ್ಬವಾಗಿಯೇ ಉಳಿಸಿಕೊಂಡಿದ್ದಾರೆ. ಗೋಡೆಯ ಮೇಲಿನ ಗುಂಡಿನ ಗುರುತುಗಳ ಮುಂದೆ ನಿಂತಾಗ ನನಗೆ ಅದು ದೊಡ್ಡ ಧೈರ್ಯವಾಗಿ ಕಂಡಿತು.

ಎರಡನೆಯ ವೈಶಾಖಿಗೆ, 2023ರಲ್ಲಿ, ಆನಂದಪುರ ಸಾಹಿಬಿಗೆ ಹೋದೆ. ಶಿವಾಲಿಕ್ ಬೆಟ್ಟಗಳ ಬುಡದಲ್ಲಿ, ಸಟ್ಲೆಜ್ ನದಿಗೆ ಸಮೀಪದಲ್ಲಿರುವ ಈ ಊರಿಗೆ 1665ರಲ್ಲಿ ಬುನಾದಿ ಹಾಕಿದವರು ಒಂಬತ್ತನೆಯ ಗುರುಗಳಾದ ತೇಗ್ ಬಹದ್ದೂರರು. ಹತ್ತು ವರ್ಷಗಳ ನಂತರ ದೆಹಲಿಯಲ್ಲಿ ಅವರ ಶಿರಚ್ಛೇದವಾದಾಗ ಅವರ ಮಗ ಗೋಬಿಂದ್ ರಾಯರು ಇನ್ನೂ ಬಾಲಕ. ಮೂರನೆಯ ಗುರು ಅಮರದಾಸರ ಕಾಲದಿಂದಲೂ ವೈಶಾಖಿಯಂದು ಸಿಖ್ಖರು ಗುರುಗಳ ಸನ್ನಿಧಿಯಲ್ಲಿ ಸೇರುವ ರೂಢಿಯಿತ್ತು. 1699ರ ವೈಶಾಖಿಯಂದು ಆನಂದಪುರದಲ್ಲಿ ಹಾಗೆ ಸೇರಿದ ದೊಡ್ಡ ಸಭೆಯ ಮುಂದೆ ಗೋಬಿಂದ್ ರಾಯರು ಹಿರಿದ ಕತ್ತಿ ಹಿಡಿದು ನಿಂತು, ಧರ್ಮಕ್ಕಾಗಿ ತಲೆ ಕೊಡುವವರು ಯಾರಿದ್ದಾರೆ ಎಂದು ಕೇಳಿದರೆಂದು ಸಿಖ್ ಪರಂಪರೆ ಹೇಳುತ್ತದೆ. ಸಭೆ ಸ್ತಬ್ಧವಾಯಿತು. ಲಾಹೋರಿನ ದಯಾ ರಾಮ್ ಎದ್ದರು. ಗುರುಗಳು ಅವರನ್ನು ಡೇರೆಯೊಳಗೆ ಕರೆದೊಯ್ದು, ನೆತ್ತರು ತೊಟ್ಟಿಕ್ಕುವ ಕತ್ತಿಯೊಂದಿಗೆ ಹೊರಬಂದು, ಮತ್ತೆ ಅದೇ ಪ್ರಶ್ನೆ ಕೇಳಿದರು. ಹಸ್ತಿನಾಪುರದ ಧರಮ್ ದಾಸ್, ಜಗನ್ನಾಥಪುರಿಯ ಹಿಮ್ಮತ್, ದ್ವಾರಕೆಯ ಮೊಹಕಮ್ ಚಂದ್ ಒಬ್ಬೊಬ್ಬರಾಗಿ ಎದ್ದರು. ಐದನೆಯ ಸಲ ಎದ್ದವರು ಬೀದರಿನ ಸಾಹಿಬ್ ಚಂದ್.

ಒಬ್ಬರು ಖತ್ರಿ, ಒಬ್ಬರು ಜಾಟ್ ರೈತ, ಒಬ್ಬರು ನೀರು ಹೊರುವವರು, ಒಬ್ಬರು ಬಟ್ಟೆಯ ಕಸುಬಿನವರು, ಬೀದರಿನವರು ಕ್ಷೌರಿಕರು. ಐವರೂ ಜೀವಂತವಾಗಿ ಹೊರಬಂದಾಗ ಗುರುಗಳು ಕಬ್ಬಿಣದ ಪಾತ್ರೆಯಲ್ಲಿ ನೀರು ತುಂಬಿ, ಖಂಡಾ ಎಂಬ ಇಬ್ಬಾಯಿ ಕತ್ತಿಯಿಂದ ಕಲಕುತ್ತ ಗುರುವಾಣಿಯನ್ನು ಪಠಿಸಿದರು, ಗುರುಗಳ ಪತ್ನಿ ಅದಕ್ಕೆ ಬತ್ತಾಸು ಬೆರೆಸಿದರು. ಆ ಅಮೃತವನ್ನು ಐವರೂ ಒಂದೇ ಪಾತ್ರೆಯಿಂದ ಕುಡಿದರು. ಜಾತಿ ಹೇಳುವ ಹಿಂದಿನ ಹೆಸರುಗಳು ಕಳಚಿ ಎಲ್ಲರಿಗೂ ಸಿಂಗ್ ಎಂಬ ಒಂದೇ ಹೆಸರು ಬಂತು, ಹೆಣ್ಣುಮಕ್ಕಳಿಗೆ ಕೌರ್. ಆಮೇಲೆ ನಡೆದದ್ದು ನನ್ನ ಮಟ್ಟಿಗೆ ಈ ಇಡೀ ಕಥನದಲ್ಲಿ ಅತ್ಯಂತ ದೊಡ್ಡ ಸಂಗತಿ. ಗುರುಗಳು ಆ ಐವರ ಮುಂದೆ ಕೈಮುಗಿದು, ತಮಗೂ ಅದೇ ದೀಕ್ಷೆ ಕೊಡಬೇಕೆಂದು ಬೇಡಿಕೊಂಡರು, ಅವರ ಕೈಯಿಂದ ಅಮೃತ ಸ್ವೀಕರಿಸಿ ಗೋಬಿಂದ್ ಸಿಂಗ್ ಆದರು. ಬೀದರಿನ ಕ್ಷೌರಿಕರೊಬ್ಬರು ಗುರುವಿಗೆ ದೀಕ್ಷೆ ಕೊಟ್ಟವರಲ್ಲಿ ಒಬ್ಬರಾದರು. ಹಡಪದ ಅಪ್ಪಣ್ಣ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಒಂದೇ ಕೂಟದಲ್ಲಿ ಕುಳಿತ ಕಲ್ಯಾಣವೂ ಇಂದಿನ ಬೀದರ ಜಿಲ್ಲೆಯಲ್ಲೇ ಇದೆ. ಐದು ಶತಮಾನಗಳ ಅಂತರದ ಈ ಎರಡಕ್ಕೂ ಚರಿತ್ರೆಯ ಕೊಂಡಿಯಿದೆಯೆಂದು ನಾನು ಹೇಳುತ್ತಿಲ್ಲ. ಆನಂದಪುರದ ಕೇಸಗಢ ಗುರುದ್ವಾರದ ಮೆಟ್ಟಿಲ ಮೇಲೆ ನಿಂತಾಗ ಎರಡೂ ಒಟ್ಟಿಗೆ ನೆನಪಾದವು, ಅಷ್ಟೆ.

ಆ ದೀಕ್ಷೆ ನಡೆದ ಸ್ಥಳದಲ್ಲಿ ಈಗ ತಖ್ತ್ ಶ್ರೀ ಕೇಸಗಢ ಸಾಹಿಬ್ ಇದೆ. ಗುರುಗಳ ಶಸ್ತ್ರಗಳ ಜೊತೆಗೆ ಆ ಖಂಡಾವನ್ನೂ ಅಲ್ಲಿ ದರ್ಶನಕ್ಕೆ ಇಟ್ಟಿದ್ದಾರೆ. ವೈಶಾಖಿಯಂದು ದೀಕ್ಷೆ ಪಡೆಯುವವರನ್ನು ಪ್ರತ್ಯೇಕ ಕೋಣೆಗೆ ಕರೆದೊಯ್ಯುತ್ತಾರೆ, ಅಲ್ಲಿ ನೋಡುಗರಿಗೆ ಜಾಗವಿಲ್ಲ. ನಾನು ಕಂಡದ್ದು ನಗರ ಕೀರ್ತನದ ಮೆರವಣಿಗೆಯನ್ನು: ಮುಂದೆ ರಸ್ತೆ ಗುಡಿಸಿ ನೀರು ಚಿಮುಕಿಸುವವರು, ಹಿಂದೆ ಬರಿಗಾಲಿನಲ್ಲಿ ಕತ್ತಿ ಹಿಡಿದು, ಆ ಮೊದಲ ಐವರ ಸ್ಥಾನದಲ್ಲಿ ನಡೆಯುವ ಪಂಜ ಪ್ಯಾರೆಯರು (‘ಐವರು ಪ್ರಿಯರು’), ಅವರ ಹಿಂದೆ ಹೂವಿನ ಪಾಲಕಿಯಲ್ಲಿ ಗುರು ಗ್ರಂಥ ಸಾಹಿಬ್. ಆ ಐವರಲ್ಲಿ ಕೊನೆಯವರು ಯಾರ ಸ್ಥಾನದಲ್ಲಿ ನಡೆಯುತ್ತಿದ್ದಾರೆಂದು ನನಗೆ ಆಗ ಗೊತ್ತಿತ್ತು. ನಿಜವಾದ ಸಾಹಿಬ್ ಸಿಂಗರು ಊರಿಗೆ ಮರಳಲಿಲ್ಲ. 1704ರ ಚಳಿಗಾಲದಲ್ಲಿ ಚಮಕೌರಿನ ಕಾಳಗದಲ್ಲಿ ಹಿಮ್ಮತ್ ಸಿಂಗ್, ಮೊಹಕಮ್ ಸಿಂಗರೊಂದಿಗೆ ಮಡಿದರು.

ದರ್ಶನ ಮುಗಿಸಿ ಚಪ್ಪಲಿ ಬಿಟ್ಟಿದ್ದ ಜೋಡಾ ಘರಿಗೆ ಬಂದೆ. ಭಕ್ತರ ಪಾದರಕ್ಷೆಗಳನ್ನು ಕಾಯುವ ಕೆಲಸವನ್ನು ಸಿಖ್ಖರು ದೊಡ್ಡ ಸೇವೆಯೆಂದು ಭಾವಿಸುತ್ತಾರೆ. ಬಿಳಿ ಗಡ್ಡದ ಹಿರಿಯರೊಬ್ಬರು ನನ್ನ ಟೋಕನ್ ತೆಗೆದುಕೊಂಡು, ಉಚ್ಚಾರಣೆ ಕೇಳಿ, ‘ಪುತ್ತರ್, ಯಾವ ಊರು?’ ಎಂದರು. ಬೀದರ್ ಎಂದೆ. ಅವರು ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ, ಪಕ್ಕದವರನ್ನೂ ಕರೆದು, ಈ ಮಗು ಭಾಯಿ ಸಾಹಿಬ್ ಸಿಂಗರ ಊರಿನಿಂದ ಬಂದಿದೆ ಎಂದು ಹೇಳಿದರು. ನಾಂದೇಡದ ಹಜೂರ್ ಸಾಹಿಬ್ ಗುರುದ್ವಾರಕ್ಕೆ ಹೋಗುವಾಗ ಒಮ್ಮೆ ಬೀದರಿಗೂ ಬಂದಿದ್ದರಂತೆ. ‘ಝೀರಾದ ನೀರು ಈಗಲೂ ಹರಿಯುತ್ತಿದೆಯೇ?’ ಎಂದು ಕೇಳಿದರು. ಗುರು ನಾನಕರು ದಕ್ಷಿಣಕ್ಕೆ ಬಂದಾಗ ಪಾದದಿಂದ ಕಲ್ಲು ಸರಿಸಿ ಸಿಹಿನೀರಿನ ಬುಗ್ಗೆ ಚಿಮ್ಮಿಸಿದರೆಂದು ನಂಬುವ ನಾನಕ್ ಝೀರಾ ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲ. ಶಾಲೆಯಲ್ಲಿದ್ದಾಗ ಒಂದೆರಡು ಸಲ ಗೆಳತಿಯರೊಡನೆ ಹೋಗಿ ಲಂಗರಿನಲ್ಲಿ ಉಂಡು ಬಂದಿದ್ದೆ, ಆಮೇಲೆ ಹೋಗಿರಲಿಲ್ಲ. ಹರಿಯುತ್ತಿದೆ, ಬಾಬಾಜಿ ಎಂದೆ. ಅವರು ಎರಡೂ ಕೈಗಳನ್ನು ಹಣೆಗೆ ಮುಟ್ಟಿಸಿಕೊಂಡು, ನನ್ನ ಚಪ್ಪಲಿಗಳ ಧೂಳನ್ನು ಬಟ್ಟೆಯಿಂದ ಒರೆಸಿ ಮುಂದಿಟ್ಟರು. ನನ್ನ ತಾತನ ವಯಸ್ಸಿನವರು. ಬೇಡವೆಂದು ನಾನು ಕೈಚಾಚುವಷ್ಟರಲ್ಲಿ ಅದು ಮುಗಿದಿತ್ತು.

ಮರುವರ್ಷ ಊರಿಗೆ ಹೋದಾಗ ಮೊದಲು ಝೀರಾಕ್ಕೆ ಹೋಗಿ ನೀರು ಕುಡಿದು ಬಂದೆ. 2024ರ ಏಪ್ರಿಲ್ 13ರಂದು ಮತ್ತೆ ಆನಂದಪುರದ ಜೋಡಾ ಘರಿಗೆ ಹೋದಾಗ ಆ ಹಿರಿಯರು ಅಲ್ಲಿರಲಿಲ್ಲ. ಕೌಂಟರಿನ ಒಳಗೆ ಕುಳಿತಿದ್ದ ಹೆಂಗಸರನ್ನು, ನಾನೂ ಸೇವೆ ಮಾಡಬಹುದೇ ಎಂದು ಕೇಳಿದೆ. ಅವರು ಸರಿದು ಜಾಗ ಕೊಟ್ಟು, ತಲೆಗೆ ಸೆರಗು ಸರಿಮಾಡಿ, ಕೈಗೊಂದು ಬಟ್ಟೆ ಕೊಟ್ಟರು. ನನ್ನ ಪಾಲಿಗೆ ಮೊದಲು ಬಂದದ್ದು ದಪ್ಪ ತೊಗಲಿನ ಒಂದು ಜೊತೆ ಜೋಡು. ಅದರ ಹೊಲಿಗೆಯ ಸಂದಿಯಲ್ಲಿ ಆ ವರ್ಷದ ಗೋಧಿಯ ಹೊಟ್ಟು ಸಿಕ್ಕಿಕೊಂಡಿತ್ತು.